ಮನೆಗೊಂದು ಸುತ್ತು ಹಾಕಿ ಕೆಲಸಕ್ಕೆ

ಮೊನ್ನೆ ಮೂಡಬಿದಿರೆಯ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರಲ್ಲಿಗೆ ನನ್ನ ಕಪ್ಪು ಬೂಟುಗಳನ್ನು ಕೊಂಡುಹೋಗಿದ್ದೆ. ಮೇಲಿನ ಚರ್ಮ ಬಿರಿದು ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಅವರು ಬೂಟನ್ನು ತಿರುಗಿಸಿ ಅಡಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

“ಅಟ್ಟೆ ಸವೆದೇ ಇಲ್ಲವಲ್ಲ. ಎಷ್ಟು ವರ್ಷ ಆಯ್ತು ಇದನ್ನು ತೆಕ್ಕೊಂಡು?”

“ಆರೇಳು ವರ್ಷ ಆಗಿರಬಹುದು.”

“ದಿನಾ ಹಾಕುವುದಿಲ್ವಾ?”

“ದಿನಾ ಹಾಕ್ತೇನೆ. ಕೆಲಸಕ್ಕೆ ಹೋಗುವಾಗ.”

“ಕೆಲಸಕ್ಕೆ ಎಂತದರಲ್ಲಿ ಹೋಗುವುದು, ಕಾರಲ್ಲಾ?”

“ಅಲ್ಲ, ನಡೆದೇ.”

ಅವರು ತಲೆ ತಗ್ಗಿಸಿ ಹೊಲಿಯತೊಡಗಿದರು. ವಿವರಿಸಬೇಕೆಂದು ನನಗೆ ಬಾಯಿ ತುರಿಸುತ್ತಿತ್ತು, ಆದರೆ ಒಂದು ಹೊಲಿಗೆ ಹಾಕುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು. ನಿಮಗಾದರೆ ಸ್ವಲ್ಪ ಪುರುಸೊತ್ತು ಇದ್ದೀತು.

ನನ್ನ ಕೆಲಸದ ಜಾಗ ತೋಡಾರಿನ ನಮ್ಮ ಮನೆಯ ಹಿಂದಿನ ಕೋಣೆ. ಚಾವಡಿಯಿಂದ ಅಲ್ಲಿಗೆ ಹೋಗಲು ಅಡುಗೆಮನೆ ಒಂದನ್ನು ದಾಟಿದರೆ ಸಾಕು. ನಾನು ಹಾಗೆ ಹೋಗುವುದಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬೆಲ್ಟು ಬಿಗಿದು, ಬೂಟು ಹಾಕಿ, ಬುತ್ತಿ ಹಿಡಿದುಕೊಂಡು ಎದುರಿನ ಬಾಗಿಲಿನಿಂದ ಹೊರಡುತ್ತೇನೆ. ಅಂಗಳ ಇಳಿದು, ಹಲಸಿನ ಮರದ ಬುಡದಲ್ಲಿ ತಿರುಗಿ, ಬಾವಿಕಟ್ಟೆ ಬಳಸಿ, ಹಿಂದಿನ ಬಾಗಿಲಿನ ಬೀಗ ತೆಗೆದು ಒಳಗೆ ಹೋಗುತ್ತೇನೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಇದನ್ನು ಕೇಳಿ ನೀವು ಏನು ಅಂದುಕೊಂಡಿರೆಂದು ನನಗೆ ಗೊತ್ತು. ಒಂದು ಕಾಲದಲ್ಲಿ ಊರಿನವರೂ ಅದನ್ನೇ ಅಂದುಕೊಂಡಿದ್ದರು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಮಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದರು. ಅಮೇರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕೂತು ಬರೆಯುವುದಿಲ್ಲ, ಯಂತ್ರಕ್ಕೆ ಹೇಳಿಬಿಡುತ್ತಾರೆ. ಹೇಳಿದ್ದನ್ನು ಕೇಳಿ ಟೈಪು ಮಾಡಿ ಕಳಿಸುವುದು ನಮ್ಮ ಕೆಲಸ. ಅವರು ಮಲಗುವ ಹೊತ್ತಿಗೆ ನಮಗೆ ಬೆಳಗಾಗುತ್ತದೆ, ನಾವು ಸಂಜೆಯೊಳಗೆ ಕಳಿಸಿದರೆ ಅವರು ಎದ್ದು ಬರುವಾಗ ಕಾಗದ ಸಿದ್ಧ. ಕಿವಿಗೆ ಹೆಡ್‌ಫೋನು. ಕಾಲಡಿಗೆ ಹೊಲಿಗೆ ಮೆಷಿನಿನದ್ದರ ಹಾಗೆ ಒಂದು ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಕಾಲೆತ್ತಿದರೆ ಬಾಯಿ ಮುಚ್ಚುತ್ತಾರೆ. ಮೂಡಬಿದಿರೆಯಲ್ಲಿ ಬಿ.ಕಾಂ. ಮಾಡಿದ ನನ್ನಂಥವನಿಗೆ ಅಷ್ಟು ದೊಡ್ಡ ಡಾಕ್ಟರುಗಳ ಮೇಲೆ ಇಂಥ ಅಧಿಕಾರ ಸಿಕ್ಕಿದ್ದು ಸಣ್ಣ ಸಂಗತಿಯೇನಲ್ಲ.

ಕೆಲಸದ ಮೊದಲ ವರ್ಷ ನನಗೆ ಬಾರದ ಕಾಯಿಲೆ ಇಲ್ಲ. ಹೃದಯದ ಡಾಕ್ಟರರ ವಾರದಲ್ಲಿ ಎಡಗೈ ಸೆಳೆಯುತ್ತಿತ್ತು. ಕಿವಿ ಮೂಗಿನವರ ವಾರದಲ್ಲಿ ತಲೆ ತಿರುಗುತ್ತಿತ್ತು. ಹೆರಿಗೆಯ ಡಾಕ್ಟರರ ವಾರ ಮಾತ್ರ ಆರಾಮವಾಗಿರುತ್ತಿದ್ದೆ.

ತೋಡಾರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದ ಕಾಲದಲ್ಲಿ ಅಮ್ಮ ಒಂದು ದಿನ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಅಪ್ಪ ಮೊದಲೇ ತೀರಿಕೊಂಡಿದ್ದರು, ಮನೆಯಲ್ಲಿದ್ದದ್ದು ನಾವಿಬ್ಬರೇ. ಆಪರೇಷನ್ ಆಗಿ, ಹಿಡಿದು ನಡೆಯುವ ಕಬ್ಬಿಣದ ವಾಕರ್ ಜೊತೆಗೆ ಅಮ್ಮ ಮನೆಗೆ ಬಂದ ಮೇಲೆ, ಕೆಲಸ ಬಿಡುತ್ತೇನೆಂದು ಹೇಳಲು ಆಫೀಸಿಗೆ ಹೋದೆ. ನಾವು ಟೈಪು ಮಾಡಿದ್ದನ್ನು ತಿದ್ದುತ್ತಿದ್ದ ರೀಟಾ ಮೇಡಂ ಕಚ್ಚುತ್ತಿದ್ದ ಪೆನ್ನನ್ನು ಬಾಯಿಂದ ತೆಗೆದು ಕೇಳಿದರು:

“ಮನೆಯಲ್ಲಿ ಫೋನು ಉಂಟಾ?”

“ಉಂಟು.”

“ಹಾಗಾದ್ರೆ ಬಿಡುವುದು ಯಾಕೆ? ಮನೆಯಿಂದಲೇ ಮಾಡು. ಇಬ್ಬರು ಮೂವರಿಗೆ ಹಾಗೆ ಕೊಟ್ಟು ನೋಡುವ ಅಂತ ಮಾತು ನಡೀತಾ ಉಂಟು. ಆದರೆ ಒಂದು ವಿಷಯ, ಸಂಜೆ ಆರರೊಳಗೆ ಫೈಲು ಬರಬೇಕು, ತಪ್ಪು ಇರಬಾರದು.”

ಹೀಗೆ ಹಿಂದೆ ಅಕ್ಕಿಮುಡಿ ಇಡುತ್ತಿದ್ದ ಕೋಣೆ ನನ್ನ ಆಫೀಸಾಯಿತು. ಅಲ್ಲಿಗೆ ಎರಡು ಬಾಗಿಲು, ಒಂದು ಅಡುಗೆಮನೆಗೆ, ಇನ್ನೊಂದು ಬಾವಿಯ ಕಡೆಗೆ. ಕಿಟಕಿ ಸಣ್ಣದು. ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. ಅದರಿಂದ ಬೀಳುವ ಬಿಸಿಲಿನ ತುಂಡು ಬೆಳಿಗ್ಗೆ ಪಡುವಣ ಗೋಡೆಯಿಂದ ಇಳಿದು, ಮಧ್ಯಾಹ್ನ ಕೀಬೋರ್ಡಿನ ಮೇಲೆ ಬಂದು ಕೂತು, ಸಂಜೆ ಮೂಡಣ ಗೋಡೆ ಹತ್ತಿ ಮಾಯವಾಗುತ್ತಿತ್ತು. ಗಡಿಯಾರದ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಮೊದಲು ಕೀರಲು ದನಿಯಲ್ಲಿ ಅರಚಿ, ಆಮೇಲೆ ಗರಗರ ಎಂದು, ಕೊನೆಗೆ ತೆಪ್ಪಗಾಗುತ್ತಿತ್ತು. “ಅದರ ಹಟ ಮುಗೀತಾ?” ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದರು.

ತೊಂದರೆ ಆದದ್ದು ಆ ಅಡುಗೆಮನೆಯ ಬಾಗಿಲಿನಿಂದ. ಮಗ ಮನೆಯಲ್ಲೇ ಇದ್ದಾನೆ, ಲುಂಗಿ ಉಟ್ಟಿದ್ದಾನೆ, ಕೂತಿದ್ದಾನೆ. ಕರೆಯದೆ ಇರುವುದು ಯಾವ ತಾಯಿಗೆ ಸಾಧ್ಯ? ತೆಂಗಿನಕಾಯಿ ಕೀಳುವವರು ಬಂದರು, ಲೆಕ್ಕ ನೋಡು. ಗ್ಯಾಸು ಬಂತು, ಇಳಿಸಿಕೋ. ಹಾಲು ಒಲೆಯಲ್ಲಿದೆ, ಒಂದು ಕಣ್ಣಿಟ್ಟಿರು. ಬಂಟ್ವಾಳದ ಚಿಕ್ಕಮ್ಮ ಬಂದರಂತೂ ನೇರ ಒಳಗೆ ಬಂದು ನನ್ನ ಕಿವಿಯ ಹೆಡ್‌ಫೋನನ್ನು ತಾವೇ ತೆಗೆದು, “ಎಂತ ಮಾರಾಯ, ಪದ್ಯ ಕೇಳ್ತಾ ಇದ್ದೀಯಾ?” ಎನ್ನುತ್ತಿದ್ದರು.

ಒಂದು ದಿನ ದೋಸೆಗೆ ಅಕ್ಕಿ ಕಡೆಯಲು ಎದ್ದು ಹೋಗಿ ಬಂದು ಕೂತವನು ಬಲ ಮೊಣಕಾಲನ್ನು ಎಡ ಮೊಣಕಾಲು ಮಾಡಿಬಿಟ್ಟೆ. ರೀಟಾ ಮೇಡಂ ಹಿಡಿದದ್ದರಿಂದ ಅಮೇರಿಕದ ಆ ಮನುಷ್ಯನ ಸರಿಯಿದ್ದ ಕಾಲು ಉಳಿಯಿತು. ಸಂಜೆ ಅವರ ಫೋನು ಬಂತು. “ಇನ್ನೊಂದು ಸಲ ಹೀಗೆ ಆದ್ರೆ ಮನೆ ಕೆಲಸ ಬಂದ್. ನೀನು ಇಲ್ಲಿಗೆ ಬಂದು ಕೂತ್ಕೊಳ್ಳಬೇಕಾಗ್ತದೆ.”

ಅಮ್ಮನಿಗೆ ಸಿಟ್ಟಿನಲ್ಲಿ ಎಲ್ಲ ಹೇಳಿದೆ. ಅವರು ವಾಕರಿನ ಮೇಲೆ ಕೈಯಿಟ್ಟು ಕೂತರು. ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ನನ್ನ ಹಳೆಯ ಟಿಫಿನ್ ಡಬ್ಬ ತುಂಬಿ ಎದುರಿಗಿತ್ತು.

“ಇದೆಂತದು?”

“ಬುತ್ತಿ. ನೀನು ಇನ್ನು ಕೆಲಸಕ್ಕೆ ಹೋಗು.”

“ಎಲ್ಲಿಗೆ?”

“ಅಲ್ಲಿಗೇ. ಆದರೆ ಹೋಗು. ಪ್ಯಾಂಟು ಹಾಕಿ, ಮೊದಲು ಹೋಗ್ತಿದ್ದ ಹಾಗೆ, ಎದುರಿನ ಬಾಗಿಲಿಂದ ಇಳಿದು ಹೋಗು. ಅಡುಗೆಮನೆ ಬಾಗಿಲಿಗೆ ಒಳಗಿಂದ ಅಗುಳಿ ಹಾಕು. ಇದ್ದೀ ಅಂತ ಗೊತ್ತಾದ್ರೆ ನನಗೆ ಕರೆಯದೆ ಇರ್ಲಿಕ್ಕೆ ಆಗುವುದಿಲ್ಲ ಮಗಾ. ಹೋಗಿದ್ದೀ ಅಂತ ಆದ್ರೆ ಇರ್ತೇನೆ.”

ಮೊದಲ ದಿನ ನಾಚಿಕೆಯಾಯಿತು. ಮೆಟ್ಟಿಲು ಇಳಿದು “ಬರ್ತೇನೆ ಅಮ್ಮ” ಎಂದೆ. “ಜಾಗ್ರತೆ” ಎಂದರು ಅವರು, ಮಂಗಳೂರಿನ ಬಸ್ಸಿಗೆ ಕಳಿಸುತ್ತಿದ್ದ ಕಾಲದ ಅದೇ ದನಿಯಲ್ಲಿ. ಹಲಸಿನ ಮರದ ಹತ್ತಿರ ತಿರುಗುವಾಗ ಯಾರಾದರೂ ನೋಡುತ್ತಾರೋ ಎಂದು ಎರಡೂ ಬದಿ ನೋಡಿದೆ. ಆದರೆ ಬಾಗಿಲು ಹಾಕಿ ಕೂತ ಮೇಲೆ ಮಧ್ಯಾಹ್ನದ ತನಕ ಒಂದೇ ಒಂದು ಕರೆ ಬರಲಿಲ್ಲ. ಬೂಟು ಹಾಕಿದ ಕಾಲು ಪೆಡಲಿನ ಮೇಲೆ ತಾನಾಗಿ ಗಂಭೀರವಾಯಿತು. ಬೆಲ್ಟು ಬಿಗಿದವನಿಗೆ ನಡುವೆ ಅಡ್ಡಾಗಬೇಕು ಅನಿಸುವುದೂ ಇಲ್ಲ. ಆ ವಾರದ ಕೊನೆಗೆ ರೀಟಾ ಮೇಡಂ, “ಈಗ ಪರವಾಗಿಲ್ಲ” ಎಂದರು. ಅವರ ಬಾಯಿಂದ ಅದು ದೊಡ್ಡ ಬಹುಮಾನ.

ಯಾರಾದರೂ ಬಂದು ಕೇಳಿದರೆ ಅಮ್ಮ “ಕೆಲಸಕ್ಕೆ ಹೋಗಿದ್ದಾನೆ” ಎನ್ನುತ್ತಿದ್ದರು. ನಾವು ಜೈನರು. ಅಮ್ಮ ವ್ರತ ನಿಯಮ ಬಿಡದವರು, ಸುಳ್ಳು ಹೇಳುವವರಲ್ಲ. “ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು? ಹೋದದ್ದು ಹೌದು, ಕೆಲಸಕ್ಕೆ ಹೌದು” ಎಂದು ನನ್ನನ್ನೇ ಕೇಳಿದ್ದರು.

ಅವರ ನಿಯಮಗಳಲ್ಲಿ ಒಂದು ಮಾತ್ರ ನನಗೆ ಕಷ್ಟ ಕೊಟ್ಟಿತು. ನಮ್ಮಲ್ಲಿ ಹೊತ್ತು ಕಂತುವ ಮೊದಲು ರಾತ್ರಿಯ ಊಟ ಮುಗಿಯಬೇಕು. ಫೈಲು ಕಳಿಸುವ ಗಡುವೂ ಅದೇ ಹೊತ್ತಿಗೆ. ಮೇ ತಿಂಗಳಲ್ಲಿ ಸೂರ್ಯ ನಿಧಾನಕ್ಕೆ ಇಳಿಯುವುದರಿಂದ ಎರಡಕ್ಕೂ ಸಮಯ ಸಿಗುತ್ತಿತ್ತು. ದಶಂಬರದಲ್ಲಿ ಫೈಲು ಹೋಗುವುದೂ ಸೂರ್ಯ ಹೋಗುವುದೂ ಜೊತೆಜೊತೆಗೇ. ಕಳಿಸಿ, ಬೀಗ ಹಾಕಿ, ಬಾವಿ ಬಳಸಿ, ಓಡಿ ಬಂದು ತಟ್ಟೆಯ ಮುಂದೆ ಕೂತರೆ ಅಮ್ಮ ಪಡುವಣ ಆಕಾಶ ನೋಡಿ, “ಇನ್ನು ಅನ್ನ ಮುಟ್ಟಬೇಡ” ಎಂದುಬಿಡುತ್ತಿದ್ದರು. ಆ ಚಳಿಗಾಲದಲ್ಲಿ ನಾನು ಎಷ್ಟು ಸಂಜೆ ನೀರು ಕುಡಿದು ಮಲಗಿದೆನೋ! ಕೊನೆಗೆ ಒಂದು ಉಪಾಯ ಕಂಡುಕೊಂಡೆವು. ಬುತ್ತಿಯ ಡಬ್ಬಕ್ಕೆ ಇನ್ನೊಂದು ಅಂತಸ್ತು ಸೇರಿಸಿದೆವು, ರಾತ್ರಿಯ ಊಟವನ್ನೂ ನಾನು ಆಫೀಸಿನಲ್ಲೇ ಹಗಲಿರುವಾಗ ಮುಗಿಸಿ ಬರತೊಡಗಿದೆ. ಅಮ್ಮ ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುವ ಸದ್ದು ಅಗುಳಿ ಹಾಕಿದ ಬಾಗಿಲಿನಾಚೆಯಿಂದ ಕೇಳುತ್ತಿತ್ತು. ಆದರೂ ನಾನು ಕೆಲಸಕ್ಕೆ ಹೋದವನು.

ಅಮ್ಮನಿಗೆ ನನ್ನ ಕೆಲಸ ಅರ್ಥವಾದದ್ದು ಒಬ್ಬ ಅಜ್ಜಿಯಿಂದ. ಅಮೇರಿಕದಲ್ಲಿ ಎಲ್ಲೋ ಹಕ್ಕಿಗಳಿಗೆ ಕಾಳು ಹಾಕಲು ಹೋಗಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಅಜ್ಜಿ ಅವರು. ಹೆಸರು ಹೇಳುವ ಹಾಗಿಲ್ಲ, ಹೇಳಲಿಲ್ಲ. ಕೆಲವು ವಾರಗಳಿಗೊಮ್ಮೆ ಅವರ ವಿಷಯ ನನ್ನ ಕಿವಿಗೆ ಬರುತ್ತಿತ್ತು. ಡಾಕ್ಟರು ಹೇಳಿದ ವ್ಯಾಯಾಮವನ್ನು ಬಂದು ಅಮ್ಮನಿಗೆ ತೋರಿಸುತ್ತಿದ್ದೆ. ಅಮ್ಮ ಮೊದಲು ಸೋಮಾರಿತನ ಮಾಡಿದರು. ಆಮೇಲೆ ಪೈಪೋಟಿಗೆ ಬಿದ್ದರು. ಸಂಜೆ ನಾನು ಮೆಟ್ಟಿಲು ಹತ್ತುವ ಮೊದಲೇ ಕೇಳುತ್ತಿದ್ದರು: “ಆ ಅಜ್ಜಿ ಹೇಗಿದ್ದಾರಂತೆ? ಮೆಟ್ಟಿಲು ಹತ್ತಿದ್ರಾ?”

ನನಗೆ ಹೆಣ್ಣು ಹುಡುಕುವ ಮಾತು ಎದ್ದದ್ದು ಆ ದಿನಗಳಲ್ಲೇ. ಬಂಟ್ವಾಳದ ಚಿಕ್ಕಮ್ಮ ಒಂದು ಸಂಬಂಧ ತಂದರು. ಹುಡುಗಿ ವೇಣೂರಿನವಳು, ಪ್ರಫುಲ್ಲಾ ಎಂದು ಹೆಸರು, ಮೂಡಬಿದಿರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ತಂದೆ ಇಲ್ಲ. ಬೆಳ್ತಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಸೋದರಮಾವ ನೇಮಿರಾಜರೇ ಮನೆಯ ಯಜಮಾನರು. ನಮ್ಮವರಲ್ಲಿ ಸೋದರಮಾವನ ಮಾತಿಗೆ ಇರುವ ತೂಕ ನಿಮಗೆ ಗೊತ್ತಿರಬಹುದು. ಅವರು ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಹುಡುಗನ ಮನೆ ನೋಡಿ ಬರುವ ಎಂದು ನೇಮಿರಾಜರು ಒಂದು ದಿನ ಬೆಳಿಗ್ಗೆ ಹೇಳದೆ ಕೇಳದೆ ಬಂದರು. ಅಮ್ಮ ಅವರನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಆಮೇಲೆ ನಡೆದದ್ದು ಅಮ್ಮ ಹೇಳಿದ ಹಾಗೆ ಬರೆಯುತ್ತೇನೆ.

“ಹುಡುಗ ಇಲ್ವಾ ಅಕ್ಕಾ?”

“ಕೆಲಸಕ್ಕೆ ಹೋಗಿದ್ದಾನೆ.”

“ಒಳ್ಳೇದು. ಎಲ್ಲಿ ಕೆಲಸ, ಮಂಗಳೂರಲ್ಲಾ?”

ಅಮ್ಮ ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಕೋಣೆಯಿಂದ ನನ್ನ ದನಿ ಕೇಳಿತು. ನನಗೊಂದು ಕೆಟ್ಟ ಅಭ್ಯಾಸವಿದೆ, ಡಾಕ್ಟರು ಹೇಳಿದ್ದನ್ನು ಟೈಪು ಮಾಡುವಾಗ ಬಾಯಲ್ಲೂ ಹೇಳುತ್ತೇನೆ. ಕಿವಿ ಮುಚ್ಚಿಕೊಂಡಿರುವುದರಿಂದ ಎಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ನನಗೆ ತಿಳಿಯುವುದಿಲ್ಲ. “ನೋ ಫೀವರ್. ನೋ ವಾಮಿಟಿಂಗ್. ಸ್ಲೀಪಿಂಗ್ ವೆಲ್.”

ನೇಮಿರಾಜರು ಲೋಟ ಕೆಳಗಿಟ್ಟರು. “ಒಳಗೆ ಯಾರು?”

ಅಮ್ಮ ಸುಳ್ಳು ಹೇಳುವವರಲ್ಲ. “ಅವನೇ.”

“ಕೆಲಸಕ್ಕೆ ಹೋಗಿದ್ದಾರೆ ಅಂದಿರಿ?”

“ಹೌದು, ಹೋಗಿದ್ದಾನೆ.”

ಜ್ವರ ಇಲ್ಲ, ವಾಂತಿ ಇಲ್ಲ, ನಿದ್ರೆ ಬರ್ತದೆ ಎಂದು ಬಾಗಿಲು ಹಾಕಿದ ಕೋಣೆಯೊಳಗೆ ಕೂಗುತ್ತಿರುವ ಹುಡುಗ. ಅವನು ಮನೆಯಲ್ಲಿಲ್ಲ ಎನ್ನುವ ತಾಯಿ. ಅಮ್ಮ ಅಮೇರಿಕ, ಡಾಕ್ಟರು, ಪೆಡಲು ಎಂದು ವಿವರಿಸಲು ಹೊರಟಷ್ಟೂ ಅವರು ಕನಿಕರದಿಂದ ತಲೆಯಾಡಿಸಿದರಂತೆ. ಉಳಿದ ನೀರು ಕುಡಿದು, “ಬರ್ತೇನೆ ಅಕ್ಕಾ, ಧೈರ್ಯ ಬಿಡಬೇಡಿ” ಎಂದು ಎದ್ದರಂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯ ಮೋನಾಕನ ಅಂಗಡಿಯಲ್ಲಿ ವಿಚಾರಿಸಿದರು. ಮೋನಾಕ ನಾನು ಚಡ್ಡಿ ಹಾಕುವ ಕಾಲದಿಂದ ನನಗೆ ಶುಂಠಿ ಮಿಠಾಯಿ ಕೊಟ್ಟವರು. ಅವರ ಅಂಗಡಿಯಿಂದ ನಮ್ಮ ಅಂಗಳ ಚೆನ್ನಾಗಿ ಕಾಣುತ್ತದೆ. ಸಂಜೆ ನಾನು ಹೋದಾಗ ಮೋನಾಕ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

“ನಾನು ಒಳ್ಳೇದೇ ಹೇಳಿದ್ದು ಮಾರಾಯ. ಒಂದು ಬೀಡಿ ಇಲ್ಲ, ಒಂದು ಚಟ ಇಲ್ಲ, ಬಂಗಾರದಂಥ ಹುಡುಗ ಅಂದೆ. ಕೆಲಸಕ್ಕೆ ಹೋಗ್ತಾರಾ ಕೇಳಿದ್ರು. ದಿನಾ ಬೂಟು ಹಾಕಿ ಹೊರಡ್ತಾನೆ ಅಂದೆ. ಎಲ್ಲಿಗೆ ಕೇಳಿದ್ರು. ಮನೆಗೆ ಒಂದು ಸುತ್ತು ಹಾಕಿ ಹಿಂದಿನ ಬಾಗಿಲಿಂದ ಒಳಗೆ ಹೋಗ್ತಾನೆ ಅಂದೆ. ಇದ್ದದ್ದನ್ನೇ ಹೇಳಿದ್ದಲ್ವಾ?”

ಇದ್ದದ್ದನ್ನೇ ಹೇಳಿದ್ದರು. ಅದರಲ್ಲಿ ತಪ್ಪು ಹಿಡಿಯುವುದಕ್ಕೇನೂ ಇರಲಿಲ್ಲ.

ಒಂದು ವಾರ ಕಳೆದು ಬಂಟ್ವಾಳದಿಂದ ಚಿಕ್ಕಮ್ಮನ ಫೋನು ಬಂತು. ಜಾತಕ ಕೂಡಿಬರಲಿಲ್ಲವಂತೆ. ನಾವಿನ್ನೂ ಜಾತಕ ಕೊಟ್ಟೇ ಇರಲಿಲ್ಲ. ಅಮ್ಮ ಒತ್ತಾಯಿಸಿದ ಮೇಲೆ ಚಿಕ್ಕಮ್ಮ ನಿಜ ಹೇಳಿದರು. “ಹುಡುಗನ ತಲೆ ಸ್ವಲ್ಪ ಹೀಗೆ ಅಂತ ಮಾತಾಗಿದೆ ಅಕ್ಕಾ. ನಾನು ಅಲ್ಲ ಅಂದೆ. ಆದರೆ ಆ ಸುತ್ತು ಹಾಕುವುದನ್ನು ಹೇಗೆ ಹೇಳಲಿ?” ನಮ್ಮ ಸಮಾಜ ಸಣ್ಣದು. ಒಂದು ಬಸದಿಯಲ್ಲಿ ಆಡಿದ ಮಾತು ಮುಂದಿನ ಬಸದಿಗೆ ಪೂಜೆಗೆ ಮೊದಲೇ ತಲುಪುತ್ತದೆ. ಪಾಣೆಮಂಗಳೂರಿನ ಕಡೆಯಿಂದ ಬರಬೇಕಿದ್ದ ಇನ್ನೊಂದು ಸಂಬಂಧದವರು ಬರುವ ದಿನ ಬರಲೇ ಇಲ್ಲ. ಅಮ್ಮ ಅವರಿಗೆಂದು ಹುರಿದಿಟ್ಟ ಗೋಡಂಬಿಯನ್ನು ಮತ್ತೆ ಡಬ್ಬಕ್ಕೆ ಹಾಕುತ್ತಾ, “ನನ್ನಿಂದ ಆಯ್ತು. ಆ ಉಪಾಯ ಹೇಳಿದ್ದು ನಾನು” ಎಂದರು. ಅಪ್ಪ ತೀರಿಕೊಂಡ ಮೇಲೆ ಅವರ ಕಣ್ಣಲ್ಲಿ ನೀರು ನೋಡಿದ್ದು ಸೊಂಟ ಮುರಿದ ದಿನ ಬಿಟ್ಟರೆ ಅದೇ ಮೊದಲು.

ಅಂದಿನಿಂದ ಅಮ್ಮ ಒಂದೇ ಹಟ ಹಿಡಿದರು. “ನಾನೀಗ ನಡೀತೇನಲ್ಲ. ನೀನು ಮಂಗಳೂರಿಗೆ ಹೋಗು. ಬಸ್ಸಲ್ಲಿ ಹೋದ್ರೆ ಜನ ಕೆಲಸ ಅಂತಾರೆ.” ನಾನು ಬೇಡ ಎಂದೆ, ಅವರು ಕೇಳಲಿಲ್ಲ. ನನಗೂ ಒಳಗೊಳಗೇ ಅಳುಕು ಸೇರಿಕೊಂಡಿತ್ತು. ಹಲಸಿನ ಮರದ ಹತ್ತಿರ ತಿರುಗುವಾಗ ಮೋನಾಕನ ಅಂಗಡಿಯ ಕಡೆಯಿಂದ ಯಾರೋ ನಕ್ಕ ಹಾಗೆ ಕೇಳುತ್ತಿತ್ತು. ಕೆಲವು ದಿನ ಯಾರೂ ಏಳುವ ಮೊದಲೇ ಕಳ್ಳನ ಹಾಗೆ ಸುತ್ತು ಮುಗಿಸಿದೆ. ಕೊನೆಗೆ ರೀಟಾ ಮೇಡಂಗೆ ಫೋನು ಮಾಡಿ, ಮುಂದಿನ ತಿಂಗಳಿನಿಂದ ಆಫೀಸಿಗೇ ಬರುತ್ತೇನೆ ಎಂದುಬಿಟ್ಟೆ. ಪೆಡಲು, ಹೆಡ್‌ಫೋನು ಹಿಂದೆ ಕೊಡಲು ರಟ್ಟಿನ ಪೆಟ್ಟಿಗೆಯೂ ಸಿದ್ಧವಾಯಿತು.

ಆ ತಿಂಗಳ ಒಂದು ಶನಿವಾರ. ಬಿಸಿಲಿನ ತುಂಡು ಕೀಬೋರ್ಡನ್ನು ದಾಟಿ ಮೂಡಣ ಗೋಡೆಗೆ ಹೋಗಿತ್ತು. ಚಾವಡಿಯಲ್ಲಿ ಒಬ್ಬಳು ಹುಡುಗಿ ಕೊಡೆ ಮಡಚಿ ನಿಂತು ನನ್ನನ್ನು ಕೇಳಿದಳಂತೆ. ಅಮ್ಮ ರೂಢಿಯಂತೆ, “ಕೆಲಸಕ್ಕೆ ಹೋಗಿದ್ದಾನೆ” ಎಂದರು.

“ಗೊತ್ತುಂಟು ಅಮ್ಮ. ಅಲ್ಲಿಗೇ ಹೋಗುವ ಅಂತ ಬಂದೆ. ದಾರಿ ಯಾವ ಕಡೆಯಿಂದ?”

ಅಮ್ಮ ಒಂದು ಕ್ಷಣ ಅವಳನ್ನೇ ನೋಡಿ, ಕೈ ತೋರಿಸಿದರು. “ಹಲಸಿನ ಮರದ ಬುಡದಿಂದ ತಿರುಗು ಮಗಾ. ಬಾವಿ ಹತ್ರ ಪಾಚಿ ಉಂಟು, ಮೆಲ್ಲ.”

ಬಾಗಿಲು ಬಡಿದ ಸದ್ದಿಗೆ ಹೆಡ್‌ಫೋನು ತೆಗೆದೆ. ಆ ಬಾಗಿಲನ್ನು ಅದುವರೆಗೆ ಯಾರೂ ಬಡಿದದ್ದಿಲ್ಲ. ತೆರೆದರೆ, ಚಪ್ಪಲಿಗೆ ಅಂಟಿದ ಪಾಚಿಯನ್ನು ಮೆಟ್ಟಿಲಿಗೆ ಉಜ್ಜುತ್ತಾ ನಿಂತಿದ್ದಾಳೆ.

“ನಾನು ಪ್ರಫುಲ್ಲಾ. ನೇಮಿರಾಜ ಮಾವನ ಅಕ್ಕನ ಮಗಳು. ಇಲ್ಲಿಗೆ ಬಂದದ್ದು ಮಾವನಿಗೆ ಗೊತ್ತಿಲ್ಲ. ಬಸ್ಸಿಗೆ ಇನ್ನೂ ಹೊತ್ತುಂಟು.”

“ಕೂತ್ಕೊಳ್ಳಿ” ಎಂದೆ. ಕೂರಲು ಇದ್ದದ್ದು ನನ್ನ ಕುರ್ಚಿ ಒಂದೇ. ಅವಳು ಖಾಲಿ ಅಕ್ಕಿ ಡಬ್ಬದ ಮೇಲೆ ಕೂತಳು. ನಾನು ಬಾಗಿಲನ್ನು ಹಾರುಹೊಡೆದು ಇಟ್ಟು, ಕುರ್ಚಿ ಇದ್ದೂ ನಿಂತೇ ಇದ್ದೆ.

“ಮಾವ ಮನೆಯಲ್ಲಿ ನಿಮ್ಮ ಕಥೆ ಹೇಳಿದ್ರು. ನೋ ಫೀವರ್, ನೋ ವಾಮಿಟಿಂಗ್ ಅಂತ ನೀವು ಕೂಗ್ತಾ ಇದ್ರಂತೆ. ಎಲ್ಲರೂ ಅಯ್ಯೋ ಪಾಪ ಅಂದ್ರು. ನನಗೆ ಮಾತ್ರ ಸರಿ ಕಾಣಲಿಲ್ಲ. ಸೌಖ್ಯ ಇಲ್ಲದವರು ಜ್ವರ ಉಂಟು, ವಾಂತಿ ಉಂಟು ಅಂತಲೇ ಹೇಳುವುದು. ಇಲ್ಲ ಇಲ್ಲ ಅಂತ ಬರೆಯುವವರು ಡಾಕ್ಟ್ರು. ನಾನು ಲ್ಯಾಬಿನಲ್ಲಿ ದಿನಾ ನೋಡ್ತೇನೆ. ಕೇಳುವ ಅಂತ ನಿಮಗೆ ಫೋನು ಮಾಡಿದೆ. ಎಷ್ಟು ದಿನ ಮಾಡಿದೆ! ಯಾವಾಗ ನೋಡಿದ್ರೂ ಎಂಗೇಜು.”

“ಫೋನು ಇದಕ್ಕೆ ಹಾಕಿರ್ತೇನೆ” ಎಂದು ಕಂಪ್ಯೂಟರನ್ನು ತೋರಿಸಿದೆ.

“ಈಗ ಗೊತ್ತಾಯ್ತು. ಒಮ್ಮೆ ಕೇಳಿಸ್ತೀರಾ?”

ರೋಗಿಗಳ ವಿಷಯ ಹೊರಗಿನವರಿಗೆ ಕೇಳಿಸಬಾರದೆಂದು ನಿಯಮ. ಅದನ್ನು ಹೇಳಿ, ತರಬೇತಿಯಲ್ಲಿ ಕೊಟ್ಟಿದ್ದ ಒಂದು ಹಳೆಯ ಮಾದರಿ ಫೈಲನ್ನು ಹಾಕಿಕೊಟ್ಟೆ. ನಿಯಮ ಹೇಳಿದ್ದು ಅವಳಿಗೆ ಮೆಚ್ಚುಗೆಯಾದ ಹಾಗೆ ಕಂಡಿತು. ಚಪ್ಪಲಿ ಬಿಚ್ಚಿ, ಪೆಡಲಿನ ಮೇಲೆ ಕಾಲಿಟ್ಟು ಒತ್ತಿದಳು. ಕಣ್ಣು ಸಣ್ಣದು ಮಾಡಿ ಕೇಳಿದಳು. ಬಿಟ್ಟಳು. ಮತ್ತೆ ಒತ್ತಿದಳು. ಆಮೇಲೆ ನಗತೊಡಗಿದಳು.

“ಇವರು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಮಾತಾಡ್ತಾರಾ? ಒಂದು ಶಬ್ದ ತಿಳಿಯುವುದಿಲ್ಲ!”

“ನನಗೂ ಆರು ತಿಂಗಳು ತಿಳಿದಿರಲಿಲ್ಲ” ಎಂದೆ. ಆಗ ನಾನೂ ನಕ್ಕೆ, ಕುರ್ಚಿಯಲ್ಲಿ ಕೂತೆ.

ಸುತ್ತು ಹಾಕುವುದು ಯಾಕೆ ಎಂದು ಕೇಳಿದಳು. ಮೊಣಕಾಲು ಅದಲುಬದಲಾದದ್ದು, ಅಮ್ಮನ ಉಪಾಯ, ಬುತ್ತಿ, ಎಲ್ಲ ಹೇಳಿದೆ. ಹೇಳುತ್ತಾ ಹೋದ ಹಾಗೆ ಅದು ನನಗೇ ಮತ್ತೆ ಸರಿ ಅನಿಸತೊಡಗಿತು. ಕೊನೆಗೆ ರಟ್ಟಿನ ಪೆಟ್ಟಿಗೆಯ ಕಡೆ ನೋಡಿ, “ಆದರೆ ಅದೆಲ್ಲ ಇನ್ನು ಕೆಲವೇ ದಿನ. ನಾನು ಮಂಗಳೂರಿಗೆ ಹೋಗ್ತಾ ಇದ್ದೇನೆ” ಎಂದೆ.

“ಯಾಕೆ? ಅಮ್ಮನಿಗೆ ಪೂರ್ತಿ ಗುಣ ಆಯ್ತಾ?”

“ಪೂರ್ತಿ ಇಲ್ಲ. ಆದರೆ ಇಲ್ಲಿದ್ರೆ ಹೆಣ್ಣು ಕೊಡುವವರು ಇಲ್ಲವಲ್ಲ.”

“ಕೊಡುವವರು ಮಾವ. ಬರುವವಳು ನಾನಲ್ವಾ?”

ಬಾವಿಯ ರಾಟೆಯ ಮೇಲೆ ಒಂದು ಕಾಗೆ ಬಂದು ಕೂತಿತ್ತು, ಅದನ್ನೇ ನೋಡಿದೆ. ಅವಳೂ ಅದನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು:

“ನನ್ನ ಅಪ್ಪ ಮುಂಬಯಿಯಲ್ಲಿ ಒಂದು ಕ್ಯಾಂಟೀನಿನಲ್ಲಿ ಮ್ಯಾನೇಜರಾಗಿದ್ರು. ಕೆಲಸಕ್ಕೆ ಹೋದ್ರೆ ವರ್ಷಕ್ಕೊಮ್ಮೆ ಬರುವುದು. ಶಾಲೆಯಲ್ಲಿ ಎಲ್ಲರ ಅಪ್ಪಂದಿರೂ ಸಂಜೆ ಬರ್ತಿದ್ರು, ನನಗೆ ಅದು ಹೇಗಿರ್ತದೆ ಅಂತಲೇ ಗೊತ್ತಿರಲಿಲ್ಲ. ಒಂದು ವರ್ಷ ಬರ್ಲಿಲ್ಲ. ಅಲ್ಲೇ ತೀರಿಕೊಂಡ್ರು ಅಂತ ಟ್ರಂಕ್ ಕಾಲು ಬಂತು. ಅವರನ್ನು ಯಾರೂ ಹುಚ್ಚ ಅನ್ನಲಿಲ್ಲ. ದೊಡ್ಡ ಕೆಲಸದಲ್ಲಿದ್ರು ಅಂದ್ರು. ನೀವು ಮನೆಗೆ ಒಂದು ಸುತ್ತು ಹಾಕಿ ಹೋಗ್ತೀರಿ, ಸಂಜೆ ಬರ್ತೀರಿ. ಇದರಲ್ಲಿ ತಲೆ ಕೆಟ್ಟದ್ದು ಯಾವುದು ಅಂತ ನನಗೆ ಗೊತ್ತಾಗಲಿಲ್ಲ. ಅದನ್ನೇ ನೋಡಿ ಹೋಗುವ ಅಂತ ಬಂದೆ.”

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಾಚೆಯಿಂದ ಅಮ್ಮನ ದನಿ ಬಂತು. ನನ್ನನ್ನು ಕರೆದದ್ದಲ್ಲ. “ಮಗಾ, ಹೊತ್ತು ಕಂತುವ ಮೊದಲು ಒಂದು ತುತ್ತು ಊಟ ಮಾಡಿ ಹೋಗು.”

ಅವಳು ಎದ್ದಳು. “ನೀವು?” ಎಂದು ಕೇಳಿದಳು.

“ನನ್ನದು ಇನ್ನೂ ಎರಡು ಫೈಲು ಉಂಟು.”

“ಹಾಗಾದ್ರೆ ಮುಗಿಸಿ” ಎಂದು ಕೊಡೆ ತೆಗೆದುಕೊಂಡು ಬಾವಿ ಬಳಸಿ ಹೋದಳು. ನಾನು ಹೆಡ್‌ಫೋನು ಕಿವಿಗೆ ಹಾಕಿದೆ, ಆದರೆ ಪೆಡಲು ಒತ್ತಲಿಲ್ಲ. ಅಡುಗೆಮನೆಯಲ್ಲಿ ಎರಡು ತಟ್ಟೆಗಳ ಸದ್ದು ಕೇಳಿಸುತ್ತಿತ್ತು. ಅಮ್ಮ ಅಮೇರಿಕದ ಅಜ್ಜಿಯ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಅವಳು ನಡುನಡುವೆ ಪ್ರಶ್ನೆ ಕೇಳುತ್ತಿದ್ದಳು. ಆ ದಿನ ಫೈಲು ಹೋದದ್ದು ಗಡುವಿಗೆ ಕೂದಲೆಳೆಯಷ್ಟು ಮೊದಲು. ಸೋಮವಾರ ರೀಟಾ ಮೇಡಂಗೆ ಫೋನು ಮಾಡಿ, ನಾನು ಬರುವುದಿಲ್ಲ, ಮನೆಯಿಂದಲೇ ಮಾಡುತ್ತೇನೆ ಎಂದೆ.

“ಈಗ ಎಂತ ಆಯ್ತು?”

“ಏನೂ ಇಲ್ಲ. ಇಲ್ಲೇ ಸರಿಯಾಗ್ತದೆ ಅಂತ ಕಾಣ್ತದೆ.”

ಪ್ರಫುಲ್ಲಾ ಮಾವನ ಹತ್ತಿರ ಹೇಗೆ ಹೇಳಿದಳೋ, ಎಷ್ಟು ದಿನ ಊಟ ಬಿಟ್ಟಳೋ, ಇವತ್ತಿಗೂ ಪೂರ್ತಿ ಹೇಳಿಲ್ಲ. ನೇಮಿರಾಜರು ಎರಡನೆಯ ಸಲ ಬಂದರು. ಈ ಸಲ ಅವರನ್ನೂ ಬಾವಿಯ ಕಡೆಯಿಂದಲೇ ಕರೆದುಕೊಂಡು ಹೋದೆ. ಬೀಗ, ತಂತಿ, ಪೆಡಲು ಎಲ್ಲವನ್ನೂ ಅಂಗಡಿಗೆ ಬಂದ ಹೊಸ ಸಾಮಾನಿನ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು. ಹೆಡ್‌ಫೋನು ಹಾಕಿ ಆ ಮಾದರಿ ಫೈಲನ್ನು ಕೇಳಿದರು. ಒಂದು ಕಡೆ ಬಂದಾಗ ಅವರ ಮುಖ ಕೆಂಪಾಯಿತು.

“ನೋ ಫೀವರ್ ಅಂದದ್ದು ಇವನು! ನೀವಲ್ಲ!”

“ನಾನೂ ಜೊತೆಗೆ ಹೇಳ್ತೇನೆ.”

ಅವರು ಹೊರಡುವಾಗ ನನ್ನ ಬೆನ್ನು ತಟ್ಟಿದರು. “ಆಯ್ತು. ಆದರೆ ಮದುವೆಯ ದಿನ ಮಂಟಪಕ್ಕೆ ಮಾತ್ರ ಸುತ್ತು ಹಾಕಿ ಮಾರಾಯ್ರೆ. ಮನೆಗೆ ಬೇಡ. ನಮ್ಮ ಕಡೆಯವರು ಬಂದಿರ್ತಾರೆ.”

ಮದುವೆ ಮುಗಿದು, ನೆಂಟರೆಲ್ಲ ಹೋಗಿ, ರಜೆ ತೀರಿದ ಮೊದಲ ಬೆಳಿಗ್ಗೆ ಅಮ್ಮ ಎರಡು ಬುತ್ತಿ ಕಟ್ಟಿಟ್ಟರು. ಪ್ರಫುಲ್ಲಾ ಮೂಡಬಿದಿರೆಯ ಲ್ಯಾಬಿಗೆ, ನಾನು ನನ್ನಲ್ಲಿಗೆ. ಇಬ್ಬರೂ ಎದುರಿನ ಬಾಗಿಲಿನಿಂದ ಇಳಿದೆವು. “ಜಾಗ್ರತೆ” ಎಂದರು ಅಮ್ಮ, ಇಬ್ಬರಿಗೂ. ಹಲಸಿನ ಮರದ ಹತ್ತಿರ ನಾನು ತಿರುಗಬೇಕಿತ್ತು. ಅವಳು ನಿಂತು, “ಸಂಜೆ ಸಿಗುವ” ಎಂದಳು. ನಾನು ತಿರುಗಲಿಲ್ಲ. ಮಾತಾಡುತ್ತಾ ರಸ್ತೆಯವರೆಗೆ ಹೋದೆ. ಮೋನಾಕ ಅಂಗಡಿಯಿಂದ ಬಗ್ಗಿ ನೋಡಿ, “ಇವತ್ತೆಂತ, ದೂರ ಹೊರಟದ್ದು?” ಎಂದರು. ಬಸ್ಸು ಬರುವವರೆಗೆ ನಿಂತೆ. ಅವಳು ಹತ್ತಿ ಕಿಟಕಿಯ ಹತ್ತಿರ ಕೂತು, ಹೋಗಿ ಹೋಗಿ ಎಂದು ಕೈಸನ್ನೆ ಮಾಡಿದಳು. ಬಸ್ಸು ತಿರುವು ದಾಟುವ ತನಕ ನಿಂತೆ.

ವಾಪಸು ಅಂಗಳಕ್ಕೆ ಬಂದಾಗ ಅಮ್ಮ ಇನ್ನೂ ಚಾವಡಿಯಲ್ಲೇ ಇದ್ದರು.

“ಎಂತದ್ದು, ಇನ್ನೂ ಹೋಗ್ಲಿಲ್ವಾ ನೀನು?”

“ಹೋಗ್ತಾ ಇದ್ದೇನೆ.”

ಕೆಲಸಕ್ಕೆ ಸೇರಿದ ಮೇಲೆ ಅಂದು ಮೊದಲ ಸಲ ನಾನು ತಡವಾಗಿ ಹೋದೆ.